ನಡುಗೆರೆಯ ಆಚೆ: ಕೋಚ್ ಪ್ಯಾಟ್ ಸಮಿಟ್

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ತಿಂಗಳಿಗೊಬ್ಬ ಸಾಧಕಿಯ ಬಗ್ಗೆ ನಮ್ಮಲ್ಲೇ ಒಬ್ಬರು ಮಾತಾಡಬೇಕು ಎಂಬ ಪದ್ಧತಿಯಂತೆ ಈ ಸಲ ನನ್ನ ಸರದಿ. ಕಾರ್ಯದರ್ಶಿಯವರು ಫೋನ್ ಮಾಡಿ "ಯಾರ ಬಗ್ಗೆ ಹೇಳ್ತೀರಿ?" ಎಂದು ಕೇಳಿದಾಗ "ಪ್ಯಾಟ್ ಸಮಿಟ್" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಯಾರು, ಮಂಗಳೂರಿನವರಾ?" ಎಂದರು. ಅಲ್ಲ, ಅಮೆರಿಕದ ಟೆನೆಸ್ಸಿ ರಾಜ್ಯದವರು, ಅಲ್ಲಿನ ವಿಶ್ವವಿದ್ಯಾಲಯದ ಹುಡುಗಿಯರಿಗೆ 38 ವರ್ಷ ಬಾಸ್ಕೆಟ್‌ಬಾಲ್ ಕಲಿಸಿದವರು ಎಂದೆ. "ಆಗಲಿ ಟೀಚರ್, ನೀವು ಹೇಳಿದರೆ ಚೆನ್ನಾಗಿಯೇ ಇರುತ್ತದೆ" ಎಂದು ಒಪ್ಪಿಕೊಂಡರು. ಒಪ್ಪಿದ್ದು ನನ್ನ ಮೇಲಿನ ದಾಕ್ಷಿಣ್ಯಕ್ಕೋ ಏನೋ. ಇವತ್ತಿನ ಸಭೆಯಲ್ಲಿ ಕುರ್ಚಿಗಳು ತುಂಬಿರುವುದು ಮಾತ್ರ ಊಟದಲ್ಲಿ ಕೋರಿರೊಟ್ಟಿ ಇದೆ ಎಂಬ ಸುದ್ದಿಗೆ ಎಂದು ನನಗೆ ಗೊತ್ತು.

ನಿಮ್ಮಲ್ಲಿ ಕೆಲವರಿಗೆ ನಾನು ಪಿ.ಟಿ. ಟೀಚರ್ ಆಗಿಯೇ ಪರಿಚಯ. ಮುಂಬಯಿಯ ಒಂದು ಶಾಲೆಯಲ್ಲಿ 31 ವರ್ಷ ಸೀಟಿ ಊದಿ ನಿವೃತ್ತಳಾದೆ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಶಾಲೆಯಲ್ಲಿದ್ದಾಗ ಎಲ್ಲರಿಗಿಂತ ಒಂದು ಗೇಣು ಎತ್ತರ, ಕೈಯಿಂದ ಚೆಂಡು ಬಿಟ್ಟರೆ ಬಾಣದ ಹಾಗೆ ಹೋಗುತ್ತಿತ್ತು. ಹತ್ತನೇ ತರಗತಿಗೆ ಬರುತ್ತಲೇ ಮನೆಯವರು ಆಟ ಬಿಡಿಸಿದರು. ನಾನು ಅವಳ ಮನೆಗೆ ಹೋಗಿ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಆ ಹುಡುಗಿ, ಈಗ ಎರಡು ಮಕ್ಕಳ ತಾಯಿ, ನನ್ನ ಕೈ ಹಿಡಿದುಕೊಂಡು ಬಹಳ ಪ್ರೀತಿಯಿಂದ ಹೇಳಿದಳು: "ಟೀಚರ್, ನೀವು ಎಷ್ಟು ಒಳ್ಳೆಯವರು. ಹುಡುಗರಿಗೆ ಬೈದು ಬೈದು ಓಡಿಸುತ್ತಿದ್ದಿರಿ, ನಮಗೆ ಒಂದು ದಿನವೂ ಬೈದವರಲ್ಲ. ಸುಸ್ತಾಯ್ತು ಅಂದ್ರೆ ಸಾಕು, ಮರದ ಕೆಳಗೆ ಕೂತ್ಕೊಳ್ಳಿ ಅಂತಿದ್ರಿ."

ಆಗ ನನಗೆ ಸಂತೋಷವೇ ಆಯಿತು. ಆಮೇಲೆ ಒಂದು ದಿನ ಈ ಪ್ಯಾಟ್ ಸಮಿಟ್ ಅವರ ಬದುಕಿನ ಬಗ್ಗೆ ಓದುತ್ತಿದ್ದಾಗ ಆ ಮಾತು ನೆನಪಾಗಿ, ಹೊಗಳಿಕೆ ಮುಳ್ಳಿನ ಹಾಗೆ ಚುಚ್ಚಿತು. ಇವತ್ತು ಅವರ ಬಗ್ಗೆ ಮಾತಾಡಬೇಕು ಅನ್ನಿಸಿದ್ದಕ್ಕೆ ಕಾರಣ ಅದೇ.

ಮೊದಲು ಆಟದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿ ಶುರುಮಾಡಿದ ಆಟ. ಮರುವರ್ಷವೇ ಹತ್ತಿರದ ಸ್ಮಿತ್ ಎಂಬ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಅದನ್ನು ಹುಡುಗಿಯರಿಗೆ ಕಲಿಸಿದರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಆದರೆ ಹುಡುಗಿಯರಿಗೆ ಆಯಾಸವಾಗಬಾರದು, ಎಳೆದಾಟ ಆಗಬಾರದು ಎಂದು ಅಂಗಣವನ್ನು ಮೂರು ಪಾಲು ಮಾಡಿ ಗೆರೆ ಎಳೆದರು. ಅವರವರ ಪಾಲಿನಲ್ಲೇ ಅವರು ಆಡಬೇಕು, ಗೆರೆ ದಾಟುವ ಹಾಗಿಲ್ಲ. ಇಂಗ್ಲೆಂಡಿಗೆ ಹೋದ ಹುಡುಗಿಯರ ಬಾಸ್ಕೆಟ್‌ಬಾಲ್ ಅಲ್ಲಿ ನೆಟ್‌ಬಾಲ್ ಆಯಿತು. ನೆಟ್‌ಬಾಲ್ ಆಡಿದವರಿಗೆ ಈ ಪಾಲುಗಳ ಕಥೆ ಗೊತ್ತಿರುತ್ತದೆ.

ಅಮೆರಿಕದಲ್ಲಿ ಮೂರು ಪಾಲು ಕ್ರಮೇಣ ಎರಡಾಯಿತು. ತಂಡಕ್ಕೆ ಆರು ಜನ. ಮೂವರು ನಡುಗೆರೆಯ ಈ ಕಡೆ, ಮೂವರು ಆ ಕಡೆ. ಈ ಕಡೆಯವರು ಎದುರಾಳಿಯನ್ನು ತಡೆಯುವುದಷ್ಟೆ, ಚೆಂಡು ಸಿಕ್ಕಿದರೆ ಗೆರೆಯವರೆಗೆ ತಂದು ಆ ಕಡೆಗೆ ದಾಟಿಸಿ ನಿಂತುಬಿಡಬೇಕು. ಬುಟ್ಟಿಗೆ ಚೆಂಡು ಹಾಕುವ ಕೆಲಸ ಆ ಕಡೆಯ ಮೂವರದ್ದು. ಅಂದರೆ ಒಬ್ಬ ಹುಡುಗಿ ನಾಲ್ಕು ವರ್ಷ ಶಾಲಾ ತಂಡದಲ್ಲಿ ಆಡಿಯೂ ಒಂದು ಪಂದ್ಯದಲ್ಲೂ ಬುಟ್ಟಿಗೆ ಚೆಂಡು ಎಸೆಯದೆ ಹೋಗಬಹುದು. ಟೆನೆಸ್ಸಿ ರಾಜ್ಯದ ಹೈಸ್ಕೂಲುಗಳಲ್ಲಿ ಈ ನಿಯಮ 1979ರವರೆಗೂ ಇತ್ತು. ಆ ವೇಳೆಗೆ ಮನುಷ್ಯ ಚಂದ್ರನ ಮೇಲೆ ಓಡಾಡಿ ಬಂದು ಹತ್ತು ವರ್ಷವಾಗಿತ್ತು, ಹುಡುಗಿ ಮಾತ್ರ ಅಂಗಣದ ನಡುಗೆರೆ ದಾಟಬಾರದು.

ಆ ರಾಜ್ಯದಲ್ಲಿ, 1952ರ ಜೂನ್ 14ರಂದು, ಒಂದು ಹೈನುಗಾರ ರೈತ ಕುಟುಂಬದಲ್ಲಿ ಪ್ಯಾಟ್ ಹುಟ್ಟಿದರು. ಪೂರ್ತಿ ಹೆಸರು ಪ್ಯಾಟ್ರಿಷಿಯಾ ಸೂ ಹೆಡ್. ಸಮಿಟ್ ಎಂಬುದು ಆಮೇಲೆ ಗಂಡನ ಮನೆಯಿಂದ ಬಂದ ಹೆಸರು. ಮೂವರು ಅಣ್ಣಂದಿರು, ಒಬ್ಬ ತಂಗಿ. ಹಾಲು ಕರೆಯುವುದು, ಹೊಗೆಸೊಪ್ಪು ಕಡಿಯುವುದು, ಟ್ರ್ಯಾಕ್ಟರ್ ಓಡಿಸುವುದು, ಹುಲ್ಲು ಕಟ್ಟುವುದು, ಎಲ್ಲ ಅಣ್ಣಂದಿರ ಸಮಕ್ಕೆ. ಸಂಜೆ ಕೆಲಸ ಮುಗಿದ ಮೇಲೆ ಹುಲ್ಲಿನ ಅಟ್ಟದಲ್ಲಿ ಅಣ್ಣಂದಿರ ಜೊತೆ ಬಾಸ್ಕೆಟ್‌ಬಾಲ್. ಅಪ್ಪ ರಿಚರ್ಡ್ ಹೆಡ್ ಬಹಳ ಬಿಗಿ ಮನುಷ್ಯ, ಮಾತು ಕಡಿಮೆ, ಮುದ್ದು ಮಾಡಿದ್ದೇ ಇಲ್ಲ. ಆದರೆ ಅವರು ಮಾಡಿದ ಒಂದು ಕೆಲಸ ನೋಡಿ. ಮಗಳು ಹೈಸ್ಕೂಲಿಗೆ ಬಂದಾಗ ಅಲ್ಲಿನ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಅಪ್ಪ ಸಂಸಾರವನ್ನೇ ಪಕ್ಕದ ಕೌಂಟಿಯ ಹೆನ್ರಿಯೆಟ್ಟಾ ಎಂಬ ಹಳ್ಳಿಗೆ ಎಬ್ಬಿಸಿಕೊಂಡು ಹೋದರು, ಅಲ್ಲಿನ ಶಾಲೆಯಲ್ಲಿ ಹುಡುಗಿಯರ ತಂಡ ಇತ್ತು ಎಂಬ ಕಾರಣಕ್ಕೆ. ಮಗನ ಕೋಚಿಂಗ್ ಕ್ಲಾಸಿಗಾಗಿ ಮನೆ ಬದಲಿಸಿದವರನ್ನು ನಾನು ಈ ಮುಂಬಯಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಗಳ ಆಟಕ್ಕಾಗಿ ಬದಲಿಸಿದವರು ನಿಮಗೆ ಯಾರಾದರೂ ಗೊತ್ತಿದ್ದರೆ ಹೇಳಿ.

ಕಾಲೇಜಿಗೆ ಹೋಗುವಾಗ ಇನ್ನೊಂದು ಪಾಠ. ಅಣ್ಣಂದಿರಿಗೆ ಆಟದ ವಿದ್ಯಾರ್ಥಿವೇತನ ಸಿಕ್ಕಿತ್ತು. ಮಾರ್ಟಿನ್ ಎಂಬ ಊರಿನ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಸೇರಿದ ತಂಗಿಗೆ ಇಲ್ಲ. ಹುಡುಗಿಯರಿಗೆ ಅಂಥದ್ದೊಂದು ಇರಲೇ ಇಲ್ಲ. ಶುಲ್ಕವನ್ನು ಅಪ್ಪ ಅಮ್ಮನೇ ಕಟ್ಟಿದರು. ಕೊನೆಯ ವರ್ಷ ಆಟದಲ್ಲಿ ಮೊಣಕಾಲಿನ ಕಟ್ಟು ಹರಿಯಿತು. ಇನ್ನು ಆಟ ಕಷ್ಟ ಎಂಬಂತೆ ವೈದ್ಯರು ಮಾತಾಡಿದಾಗ ಆ ಬಿಗಿ ಅಪ್ಪ, ಇವಳು ಒಲಿಂಪಿಕ್ಸಿಗೆ ಹೋಗುವವಳು, ಕಾಲು ಸರಿಮಾಡಿ ಎಂದರಂತೆ. ಮಹಿಳೆಯರ ಬಾಸ್ಕೆಟ್‌ಬಾಲ್ ಒಲಿಂಪಿಕ್ಸಿನಲ್ಲಿ ಆವರೆಗೆ ಒಮ್ಮೆಯೂ ನಡೆದಿರಲಿಲ್ಲ. 1976ರ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿ ನಡೆದಾಗ ಅಮೆರಿಕ ತಂಡದ ಇಬ್ಬರು ನಾಯಕಿಯರಲ್ಲಿ ಪ್ಯಾಟ್ ಒಬ್ಬರು. ಬೆಳ್ಳಿ ಪದಕ ಬಂತು. ಚಿನ್ನ ಸೋವಿಯೆತ್ ತಂಡಕ್ಕೆ.

ಅದಕ್ಕೆ ಎರಡು ವರ್ಷ ಮೊದಲೇ, 1974ರಲ್ಲಿ, ಅವರು ಕೋಚ್ ಆಗಿಬಿಟ್ಟಿದ್ದರು. ಅದೂ ಆಕಸ್ಮಿಕ. ನಾಕ್ಸ್‌ವಿಲ್‌ನ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಪದವಿಗೆ ಓದುತ್ತಾ ಸಹಾಯಕಿಯಾಗಿ ಸೇರಲು ಬಂದವರು. ಇದ್ದ ಕೋಚ್ ರಜೆಯ ಮೇಲೆ ಹೋದರು, ತಂಡವನ್ನು ಇವರ ಕೈಗೆ ಕೊಟ್ಟರು. ವಯಸ್ಸು 22. ತಂಡದ ಕೆಲವು ಹುಡುಗಿಯರು ಇವರಿಗಿಂತ ಒಂದೇ ವರ್ಷ ಚಿಕ್ಕವರು. ಸಂಬಳ ತಿಂಗಳಿಗೆ 250 ಡಾಲರ್. ಬೆಳಗ್ಗೆ ತಮ್ಮ ಓದು, ಆಮೇಲೆ ವಿದ್ಯಾರ್ಥಿಗಳಿಗೆ ಪಾಠ, ಸಂಜೆ ತಂಡಕ್ಕೆ ಅಭ್ಯಾಸ, ಉಳಿದ ಹೊತ್ತಿನಲ್ಲಿ ತಮ್ಮ ಮೊಣಕಾಲಿನ ವ್ಯಾಯಾಮ. ಪಂದ್ಯಕ್ಕೆ ಹೋಗುವಾಗ ವ್ಯಾನ್ ಓಡಿಸುವವರೂ ಅವರೇ, ಬಂದ ಮೇಲೆ ಬೆವರಿನ ಜೆರ್ಸಿಗಳನ್ನು ಒಗೆಯುವವರೂ ಅವರೇ. ಆ ಜೆರ್ಸಿಗಳನ್ನು ಕೊಂಡದ್ದು ಡೋನಟ್ ಮಾರಿ ಬಂದ ದುಡ್ಡಿನಿಂದ. ಒಂದು ಸಲ ಹೊರಊರಿನಲ್ಲಿ ಎದುರಾಳಿಯ ಜಿಮ್‌ನ ನೆಲದ ಮೇಲೆಯೇ ತಂಡ ಮಲಗಿ ಬೆಳಗು ಮಾಡಿತ್ತು. ಮೊದಲ ಪಂದ್ಯ ಮರ್ಸರ್ ಎಂಬ ವಿಶ್ವವಿದ್ಯಾಲಯದ ಎದುರು, 84-83. ಒಂದೇ ಅಂಕದಿಂದ ಸೋತರು.

ಈ ಕಡೆ ದೇಶದಲ್ಲಿ ಒಂದು ಕಾನೂನು ಬಂದಿತ್ತು. 1972ರ ಟೈಟಲ್ ನೈನ್. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯಲ್ಲೂ ಹೆಣ್ಣು ಗಂಡು ಎಂಬ ಭೇದ ಮಾಡಬಾರದು ಎಂಬ ಒಂದೇ ವಾಕ್ಯ, ಇಂಗ್ಲಿಷಿನಲ್ಲಿ 37 ಪದ. ಅದರಲ್ಲಿ ಆಟ ಎಂಬ ಪದವೇ ಇಲ್ಲ. ಅದನ್ನು ಪಾರ್ಲಿಮೆಂಟಿನಲ್ಲಿ ಮುಂದೆ ನಿಂತು ನಡೆಸಿದವರಲ್ಲಿ ಮುಖ್ಯರು ಹವಾಯಿಯ ಪ್ಯಾಟ್ಸಿ ಮಿಂಕ್. ಜಪಾನಿ ಮೂಲದ ಈ ಹೆಣ್ಣುಮಗಳು ವೈದ್ಯೆಯಾಗಬೇಕೆಂದಿದ್ದವರು. ಮೆಡಿಕಲ್ ಕಾಲೇಜುಗಳು ಸೇರಿಸಿಕೊಳ್ಳದೆ ವಕೀಲೆಯಾದರು. ಅವರ ಬಗ್ಗೆ ಇನ್ನೊಂದು ತಿಂಗಳು ಯಾರಾದರೂ ಮಾತಾಡಬೇಕು. ಕಾನೂನು ಬಂದ ಮಾತ್ರಕ್ಕೆ ಜೆರ್ಸಿ ಬರಲಿಲ್ಲ ಎನ್ನುವುದಕ್ಕೆ ಆ ಡೋನಟ್ ಮಾರಾಟವೇ ಸಾಕ್ಷಿ. ಆದರೆ ಬಾಗಿಲು ತೆರೆದಿತ್ತು, ಒಳಗೆ ಹೋಗಿ ಕೇಳುವವರು ಬೇಕಿತ್ತು.

ಪ್ಯಾಟ್ ಕೇಳಿದವರಲ್ಲಿ ಒಬ್ಬರು. ಆ ನಡುಗೆರೆಯ ವಿಷಯಕ್ಕೆ ಬರುತ್ತೇನೆ. ಕಾಲೇಜುಗಳಲ್ಲಿ 1971ರಲ್ಲೇ ಐದು ಜನರ ಪೂರ್ತಿ ಅಂಗಣದ ಆಟ ಬಂದಾಗಿತ್ತು. ಟೆನೆಸ್ಸಿಯ ಹೈಸ್ಕೂಲಿನಿಂದ ಬರುವ ಹುಡುಗಿಗೆ ಮಾತ್ರ ಅರ್ಧ ಆಟವಷ್ಟೇ ಗೊತ್ತು. ಹೀಗಾದರೆ ಅವಳಿಗೆ ವಿದ್ಯಾರ್ಥಿವೇತನ ಕೊಡುವವರು ಯಾರು? ಒಬ್ಬ ಶಾಲಾ ಹುಡುಗಿ ಇದೇ ಮಾತು ಹೇಳಿ ನ್ಯಾಯಾಲಯಕ್ಕೆ ಹೋದಳು. ತಡೆಯುವ ಸಾಲಿನಲ್ಲಿ ಆಡುವವಳು ಅವಳು, ಬುಟ್ಟಿಗೆ ಹಾಕುವ ಅವಕಾಶವೇ ಇಲ್ಲದವಳು. 1976ರಲ್ಲಿ ಗೆದ್ದಳು, ಮರುವರ್ಷ ಮೇಲಿನ ನ್ಯಾಯಾಲಯದಲ್ಲಿ ಸೋತಳು. ಆದರೆ ಮಾತು ನಿಲ್ಲಲಿಲ್ಲ. ಅರ್ಧ ಅಂಗಣದ ಆಟವನ್ನು ಪ್ಯಾಟ್ ಬಹಿರಂಗವಾಗಿಯೇ ವಿರೋಧಿಸಿದರು. ಹಳೆಯ ಕೋಚ್‌ಗಳಲ್ಲಿ ಬಹಳ ಜನಕ್ಕೆ ಅದು ಇಷ್ಟವಾಗಲಿಲ್ಲ, ಅವರಲ್ಲಿ ಹೆಂಗಸರೂ ಇದ್ದರು. ಆರು ಜನರ ಆಟದಲ್ಲಿ ಹೆಚ್ಚು ಹುಡುಗಿಯರಿಗೆ ಜಾಗ ಸಿಗುತ್ತದೆ, ಅದು ನಮ್ಮ ಸಂಪ್ರದಾಯ ಎಂಬ ವಾದವೂ ಇತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಕೊನೆಗೆ 1979ರಲ್ಲಿ ಟೆನೆಸ್ಸಿ ಬದಲಾಯಿತು. ಅಯೋವಾ ರಾಜ್ಯ 1993ರವರೆಗೆ, ಒಕ್ಲಹೋಮಾ 1995ರವರೆಗೆ ಬಿಡಲಿಲ್ಲ.

ಇದನ್ನು ಓದಿದಾಗ ನನಗೆ ನನ್ನ ಮೈದಾನ ನೆನಪಾಯಿತು. ನಮ್ಮ ಶಾಲೆಯಲ್ಲಿ ಹುಡುಗರಿಗೆ ಇಡೀ ಮೈದಾನ, ಹುಡುಗಿಯರಿಗೆ ಗೋಡೆ ಪಕ್ಕದ ಒಂದು ಪಟ್ಟಿ. ಅಲ್ಲಿ ಲಂಗಡಿ, ರಿಂಗು, ಥ್ರೋಬಾಲ್. ಆ ಗೆರೆಯನ್ನು ಯಾರೂ ಸುಣ್ಣದಲ್ಲಿ ಎಳೆದಿರಲಿಲ್ಲ. ದಿನಾ ಬೆಳಗ್ಗೆ ಅದನ್ನು ಎಳೆಯುತ್ತಿದ್ದವಳು ನಾನೇ. ಥ್ರೋಬಾಲನ್ನು ನಾನು ಹೀಗಳೆಯುತ್ತಿಲ್ಲ, ನಮ್ಮ ಸಂಘದ ತಂಡ ಎರಡು ಸಲ ಕಪ್ ತಂದಿದೆ, ಮೂರನೇ ಸಾಲಿನಲ್ಲಿ ಕೂತವರು ಮುಖ ಗಂಟುಹಾಕಬೇಡಿ.

ಪ್ಯಾಟ್ ಅವರ ಕಲಿಸುವ ರೀತಿ ಮೃದುವಾಗಿರಲಿಲ್ಲ. ಅವರ ದೃಷ್ಟಿ ಎಂದರೇ ಅಮೆರಿಕದಲ್ಲಿ ಪ್ರಸಿದ್ಧ. ತಿಳಿನೀಲಿ ಕಣ್ಣಿನಿಂದ ಒಮ್ಮೆ ದಿಟ್ಟಿಸಿದರೆ ಆರಡಿ ಎತ್ತರದ ಹುಡುಗಿಯರು ನೆಲ ನೋಡುತ್ತಿದ್ದರು. ಅಭ್ಯಾಸದಲ್ಲಿ ಕಾಲೇಜಿನ ಹುಡುಗರನ್ನು ಎದುರು ನಿಲ್ಲಿಸಿ ಆಡಿಸುತ್ತಿದ್ದರು. ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು, ಕಾರಣವಿಲ್ಲದೆ ಒಂದು ಪಾಠ ತಪ್ಪಿಸಿದರೂ ಪಂದ್ಯದಲ್ಲಿ ಆಡುವಂತಿಲ್ಲ, ಎಷ್ಟು ದೊಡ್ಡ ಆಟಗಾರ್ತಿಯಾದರೂ ಸರಿ. ಇದರ ಫಲ ನನಗೆ ಅವರ ಎಲ್ಲ ಕಪ್‌ಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅವರ ಬಳಿ ಆಟದ ಅವಧಿ ಪೂರೈಸಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಪಡೆದಿದ್ದಾಳೆ. 38 ವರ್ಷ, ಒಬ್ಬಳೂ ಬಿಟ್ಟುಹೋಗಿಲ್ಲ.

ಅವರ ಬಿರುಸು ಕೆಲವು ಸಲ ಅತಿಯಾಗಿತ್ತು ಎಂದು ನನಗನ್ನಿಸುತ್ತದೆ, ಅವರೇ ವಯಸ್ಸಾದಂತೆ ಸ್ವಲ್ಪ ಸಡಿಲವಾದರು. ನಾನು ಮೆಚ್ಚುವುದು ಕೂಗಾಟವನ್ನಲ್ಲ. "ಹುಡುಗಿ ತಾನೆ, ಇಷ್ಟು ಸಾಕು" ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ, ಅದನ್ನು. ನನ್ನ ಬಾಯಲ್ಲಿ ಅದು 31 ವರ್ಷ ಬಂತು, ಪ್ರೀತಿಯ ರೂಪದಲ್ಲಿ.

ಟಮಿಕಾ ಕ್ಯಾಚಿಂಗ್ಸ್ ಎಂಬ ಹುಡುಗಿಯ ಕಥೆ ಹೇಳಬೇಕು. ಹುಟ್ಟಿನಿಂದ ಕಿವಿ ಮಂದ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಮಕ್ಕಳು ಅಣಕಿಸಿದರೆಂದು ಶ್ರವಣಯಂತ್ರವನ್ನು ಎಸೆದುಬಿಟ್ಟಳು. ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುತ್ತಾ, ಕಿವಿ ಕೇಳದ್ದನ್ನು ಮುಚ್ಚಿಡುತ್ತಾ ಬೆಳೆದಳು. 1997ರಲ್ಲಿ ಟೆನೆಸ್ಸಿಗೆ ಬಂದಾಗ ಪ್ಯಾಟ್ ಮತ್ತು ತಂಡದ ಆರೋಗ್ಯ ನೋಡಿಕೊಳ್ಳುವವರು ಅವಳನ್ನು ಕೂರಿಸಿಕೊಂಡು, ಯಂತ್ರ ಹಾಕಿಕೋ, ಮಾತಿನ ತರಬೇತಿಗೂ ಹೋಗು ಎಂದು ಒಪ್ಪಿಸಿದರು. ನಾಚಿಕೆಪಡುವ ವಿಷಯವಲ್ಲ ಎಂದು ತಿಳಿಹೇಳಿದರು. ಆ ಹುಡುಗಿ ಮುಂದೆ ಅಮೆರಿಕಕ್ಕಾಗಿ ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದಳು, 2004ರಿಂದ 2016ರವರೆಗೆ ಸಾಲಾಗಿ. ಅಯ್ಯೋ ಪಾಪ ಎಂದು ಬಿಟ್ಟುಬಿಡುವುದು ಎಷ್ಟು ಸುಲಭವಿತ್ತು!

ಗೆಲುವುಗಳ ಪಟ್ಟಿಯನ್ನು ಬೇಗ ಮುಗಿಸುತ್ತೇನೆ, ಅಂಕಿಸಂಖ್ಯೆ ಕೇಳಿದರೆ ಊಟಕ್ಕೆ ಮೊದಲೇ ನಿದ್ದೆ ಬರುತ್ತದೆ. ಒಟ್ಟು 1,098 ಗೆಲುವು, 208 ಸೋಲು. ರಾಷ್ಟ್ರೀಯ ಪ್ರಶಸ್ತಿ ಎಂಟು ಸಲ. ಆದರೆ ಮೊದಲನೆಯದು ಬಂದದ್ದು 1987ರಲ್ಲಿ, ಅವರ 13ನೇ ವರ್ಷದಲ್ಲಿ. ಅದಕ್ಕೆ ಮೊದಲು ಮತ್ತೆ ಮತ್ತೆ ಕೊನೆಯ ನಾಲ್ಕರ ಹಂತಕ್ಕೆ ಬಂದು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ದೊಡ್ಡ ಪಂದ್ಯ ಗೆಲ್ಲಲು ಇವರಿಗೆ ಬರುವುದಿಲ್ಲ ಎಂಬ ಮಾತು ಕೇಳಿಬರುತ್ತಿತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕೋಚ್ ಆಗಿ ಚಿನ್ನ ತಂದರು, ಆ ಸಲ ಸೋವಿಯೆತ್ ತಂಡ ಬಂದಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1997ರಲ್ಲಿ ಹತ್ತು ಪಂದ್ಯ ಸೋತ ತಂಡ ಕೊನೆಗೆ ಪ್ರಶಸ್ತಿ ಗೆದ್ದಿತು, ಮರುವರ್ಷ 39 ಪಂದ್ಯ ಆಡಿ 39ನ್ನೂ ಗೆದ್ದಿತು. ಡೋನಟ್ ಮಾರಿ ಜೆರ್ಸಿ ಕೊಂಡ ತಂಡದ ಪಂದ್ಯ ನೋಡಲು 2006ರಲ್ಲಿ ಒಂದು ದಿನ 24 ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಅದೇ ವರ್ಷ ಅವರ ಸಂಬಳ ವರ್ಷಕ್ಕೆ 10 ಲಕ್ಷ ಡಾಲರ್ ದಾಟಿತು, ಮಹಿಳಾ ತಂಡದ ಕೋಚ್‌ಗೆ ಅಷ್ಟು ಸಂಬಳ ಅದೇ ಮೊದಲು. ವಿಶ್ವವಿದ್ಯಾಲಯದ ಪುರುಷರ ತಂಡಕ್ಕೂ ಅವರನ್ನು ಕರೆಯುವ ಮಾತು ನಡೆದಿತ್ತು. ಅದನ್ನು ಬಡ್ತಿ ಎಂದು ಯಾಕೆ ತಿಳಿಯುತ್ತೀರಿ ಎಂಬುದು ಅವರ ಮರುಪ್ರಶ್ನೆ. ಹೋಗಲಿಲ್ಲ.

ಆದರೆ ಈ ಏಳಿಗೆಗೆ ಇನ್ನೊಂದು ಮುಖ ಇದೆ. 1972ರಲ್ಲಿ ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳಿಗೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡೆ ಹೆಂಗಸರೇ ಕೋಚ್. ನಲವತ್ತು ವರ್ಷದ ಮೇಲೆ ಅದು ಅರ್ಧಕ್ಕಿಂತ ಕಡಿಮೆ. ಹುಡುಗಿಯರ ಆಟಕ್ಕೆ ಹಣ ಬಂತು, ಮರ್ಯಾದೆ ಬಂತು, ಆಮೇಲೆ ಗಂಡಸರು ಬಂದರು. ಜೆರ್ಸಿ ಒಗೆಯುವ ಕಾಲದಲ್ಲಿ ಆ ಕೆಲಸ ಯಾರಿಗೂ ಬೇಡವಾಗಿತ್ತು. ನಮ್ಮ ಮನೆಗಳಲ್ಲಿ ದಿನದ ಅಡುಗೆ ಹೆಂಗಸರದ್ದು, ಮದುವೆಯ ಅಡುಗೆ ಗಂಡಸರದ್ದು ಅಲ್ಲವೆ, ಹಾಗೆಯೇ. ಪ್ಯಾಟ್ ಅವರ ಸುತ್ತ ಮಾತ್ರ ಬೇರೆ ಚಿತ್ರ. ಅವರ ಬಳಿ ಆಡಿದ ಹತ್ತಾರು ಹುಡುಗಿಯರು ಕೋಚ್‌ಗಳಾದರು. ಅವರ ನಂತರ ಟೆನೆಸ್ಸಿಯ ಹೊಣೆ ಹೊತ್ತ ಹಾಲಿ ವಾರ್ಲಿಕ್ ಅವರ ಹಳೆಯ ಆಟಗಾರ್ತಿ, ಆಮೇಲೆ ಬಂದ ಕೆಲ್ಲಿ ಹಾರ್ಪರ್ ಕೂಡ.

ಮನೆಯ ಕಡೆ? ಎಲ್ಲರೂ ಕೇಳುವ ಪ್ರಶ್ನೆ ಅದು, ಗಂಡಸಾದರೆ ಯಾರೂ ಕೇಳುವುದಿಲ್ಲ. ಸುಖದ ಹಾದಿಯಲ್ಲ. ಹಲವು ಸಲ ಗರ್ಭ ನಿಲ್ಲಲಿಲ್ಲ. 1990ರ ಸೆಪ್ಟೆಂಬರಿನಲ್ಲಿ ತುಂಬು ಗರ್ಭಿಣಿಯಾಗಿದ್ದಾಗಲೂ ಒಬ್ಬ ಒಳ್ಳೆಯ ಆಟಗಾರ್ತಿಯನ್ನು ತಂಡಕ್ಕೆ ಒಪ್ಪಿಸಲು ವಿಮಾನದಲ್ಲಿ ಪೆನ್ಸಿಲ್ವೇನಿಯಾಗೆ ಹೋದರು. ಅಲ್ಲೇ ನೋವು ಶುರುವಾಯಿತು. ಹಿಂದಿರುಗುವಾಗ ಪೈಲಟ್ ವರ್ಜೀನಿಯಾದಲ್ಲಿ ಇಳಿಸೋಣವೆಂದರೆ ಬೇಡವೆಂದರು. ಮಗು ಟೆನೆಸ್ಸಿಯಲ್ಲೇ ಹುಟ್ಟಬೇಕು, ಅದೂ ಅಲ್ಲದೆ ಆ ವರ್ಷ ವರ್ಜೀನಿಯಾದ ತಂಡ ಇವರನ್ನು ಸೋಲಿಸಿತ್ತು! ನಾಕ್ಸ್‌ವಿಲ್‌ ತಲುಪಿ ಮಗ ಟೈಲರ್ ಹುಟ್ಟಿದ. ಈ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ, ನಮ್ಮ ಮನೆಯ ಹುಡುಗಿಯಾಗಿದ್ದರೆ ನಾನೇ ಎರಡು ಬಿಡುತ್ತಿದ್ದೆ. ಮುಂದೆ ದಾಂಪತ್ಯವೂ ಮುರಿಯಿತು.

ಕೊನೆಯ ಭಾಗ ಹೇಳುವುದು ಕಷ್ಟ. 2011ರ ಹೊತ್ತಿಗೆ ಅವರಿಗೆ ಚಿಕ್ಕ ಚಿಕ್ಕ ಮರೆವು. ಸಂಧಿವಾತದ ಔಷಧದಿಂದ ಇರಬಹುದು ಎಂದುಕೊಂಡರು. ಮೇಯೋ ಕ್ಲಿನಿಕ್ಕಿನಲ್ಲಿ ಪರೀಕ್ಷೆಯಾದಾಗ ತಿಳಿದದ್ದು ಅಲ್‌ಝೈಮರ್ಸ್, ಚಿಕ್ಕ ವಯಸ್ಸಿಗೇ ಬರುವ ಬಗೆಯದು. ಆಗ ಅವರಿಗೆ ಇನ್ನೂ ಅರವತ್ತು ಆಗಿರಲಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ನಾವು ಎಷ್ಟು ಹಗುರವಾಗಿ ಹೇಳುತ್ತೇವೆ! ನಮ್ಮಲ್ಲಿ ಇಂಥದ್ದು ಬಂದರೆ ಮೊದಲು ಮಾಡುವುದು ಬಾಗಿಲು ಮುಚ್ಚುವುದು. ನನ್ನ ಅತ್ತೆಗೆ ಬಂದಾಗ ನಾವೂ ಮಾಡಿದ್ದು ಅದನ್ನೇ, "ಊರಿಗೆ ಹೋಗಿದ್ದಾರೆ" ಎಂದು ಕಟ್ಟಡದವರಿಗೆ ಹೇಳಿ ಅವರನ್ನು ಒಳಕೋಣೆಯಲ್ಲಿ ಇಟ್ಟಿದ್ದೆವು. ಎರಡು ವರ್ಷ ಅವರು ಕೆಳಗಿನ ತೋಟದ ಬೆಂಚಿಗೆ ಬರಲಿಲ್ಲ. ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಪ್ಯಾಟ್ ಆಗಸ್ಟ್‌ ತಿಂಗಳಲ್ಲಿ ತಾವೇ ಜಗತ್ತಿಗೆ ಹೇಳಿದರು. ಹೇಳಿ ಮನೆಯಲ್ಲಿ ಕೂರಲಿಲ್ಲ, ಇನ್ನೊಂದು ವರ್ಷ ತಂಡದ ಜೊತೆಗೇ ಇದ್ದರು. ಪಂದ್ಯದ ಹೊತ್ತಿನ ನಿರ್ಧಾರಗಳನ್ನು ಹೆಚ್ಚಾಗಿ ಹಾಲಿ ವಾರ್ಲಿಕ್ ನೋಡಿಕೊಂಡರು, ಪ್ಯಾಟ್ ಪಕ್ಕದಲ್ಲಿ ಕೂತಿರುತ್ತಿದ್ದರು. ಎದುರಾಳಿ ಊರಿನವರೂ ಅವರ ಹೆಸರಿನ ಟೀ ಶರ್ಟ್ ತೊಟ್ಟು ಬರುತ್ತಿದ್ದರು. 2012ರ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟರು. ಅದೇ ವರ್ಷ ಅಧ್ಯಕ್ಷ ಒಬಾಮಾ ದೇಶದ ಅತ್ಯುನ್ನತ ನಾಗರಿಕ ಪದಕ ತೊಡಿಸಿದರು. ಮರೆವಿನ ರೋಗದ ಸಂಶೋಧನೆಗೆ ಹಣ ಕೂಡಿಸಲು ಒಂದು ಪ್ರತಿಷ್ಠಾನವನ್ನೂ ಶುರುಮಾಡಿದ್ದರು. ನಾಕ್ಸ್‌ವಿಲ್‌ನಲ್ಲಿ 2016ರ ಜೂನ್ 28ರಂದು ತೀರಿಕೊಂಡರು. ವಯಸ್ಸು 64, ಇವತ್ತು ಈ ಸಭೆಯಲ್ಲಿರುವ ಬಹಳ ಜನರ ವಯಸ್ಸು.

ಸಾವಿರದ ತೊಂಬತ್ತೆಂಟು ಪಂದ್ಯ ಗೆದ್ದವರಿಗೆ ಅವು ಯಾವುವೂ ನೆನಪಿಲ್ಲದ ದಿನ ಬಂದಿರಬೇಕು. ಆ ಹುಡುಗಿಯರಿಗೆ ನೆನಪಿದೆ.

ನಾನು ಮಾತು ಮುಗಿಸುವ ಮೊದಲು ಒಂದು ಕೆಲಸದ ವಿಷಯ. ಜನವರಿಯ ಕ್ರೀಡಾಕೂಟದ ಪಟ್ಟಿ ಈ ವಾರ ನನ್ನ ಕೈಗೆ ಬಂದಿದೆ. ಪುರುಷರಿಗೆ ಕ್ರಿಕೆಟ್, ವಾಲಿಬಾಲ್, 100 ಮೀಟರ್ ಓಟ. ಮಹಿಳೆಯರಿಗೆ ಲಿಂಬೆ ಚಮಚ, ಸಂಗೀತ ಕುರ್ಚಿ, ಬಕೆಟ್ಟಿಗೆ ಚೆಂಡು ಹಾಕುವುದು. ಬಕೆಟ್ಟಿನ ಬದಲು ಹತ್ತಡಿ ಎತ್ತರದ ಬುಟ್ಟಿಯೇ ಸಿಗುತ್ತದೆ, ನಾಗಪಾಡಾದ ಕಡೆ ಬಾಸ್ಕೆಟ್‌ಬಾಲ್ ಬಲ್ಲ ಒಬ್ಬರನ್ನು ಕೇಳಿಕೊಂಡಿದ್ದೇನೆ, ಭಾನುವಾರ ಬೆಳಗ್ಗೆ ಏಳಕ್ಕೆ ಬಂದು ಕಲಿಸಲು ಒಪ್ಪಿದ್ದಾರೆ. ಹದಿನಾಲ್ಕರಿಂದ ಐವತ್ತರವರೆಗಿನ ಯಾರೂ ಬರಬಹುದು, ಮಗಳು, ಸೊಸೆ, ಮೊಮ್ಮಗಳು, ಎಲ್ಲರನ್ನೂ ಕಳಿಸಿ. ಹತ್ತು ಹೆಸರು ಬೇಕು. ಮದುವೆಯಲ್ಲಿ ಸಿಕ್ಕಿದಳೆಂದೆನಲ್ಲ, ಆ ನನ್ನ ಎತ್ತರದ ಹುಡುಗಿಗೆ ಮೊನ್ನೆ ಫೋನ್ ಮಾಡಿದ್ದೆ. "ಟೀಚರ್, ನನಗೀಗ ಮೊಣಕಾಲು ನೋವು" ಎಂದಳು. ನಾನು ಮೊದಲ ಸಲ ಅವಳಿಗೆ ಬೈದೆ. ಬರುತ್ತಾಳೆ, ಇಬ್ಬರು ಮಕ್ಕಳನ್ನೂ ಕರೆದುಕೊಂಡು.

ಹಾಗಾಗಿ ಇನ್ನು ಏಳು ಹೆಸರು ಸಾಕು. ಕೊಡುವವರು ಊಟದ ಸಾಲಿನಲ್ಲಿ ನನ್ನ ಹತ್ತಿರ ಬನ್ನಿ, ಪುಸ್ತಕ ಪೆನ್ನು ತಂದಿದ್ದೇನೆ.